ರಾತ್ರಿ ಬೊಗಳುವ ನಾಯಿಯನ್ನು ಒಳಗೆ ಮಲಗಿಸಿ

ಬೀದಿಯಲ್ಲಿ ಸಿಕ್ಕ ನಾಯಿಯನ್ನೋ, ಪ್ರಾಣಿದಯಾ ಸಂಸ್ಥೆಯ ಆಶ್ರಯದಲ್ಲಿದ್ದ ನಾಯಿಯನ್ನೋ ಮನೆಗೆ ತಂದು ಸಾಕುವ ಕುಟುಂಬಗಳು ಈಗ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಸಂತೋಷದ ಸಂಗತಿ. ಆದರೆ ಹೀಗೆ ಬಂದ ನಾಯಿಗಳಲ್ಲಿ ಕೆಲವು ಹದಿನೈದು ದಿನ ತುಂಬುವ ಮೊದಲೇ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತವೆ. ಕಾರಣ ಕೇಳಿದರೆ ಬಹಳ ಸಲ ಬರುವ ಉತ್ತರ ಇದು: "ಹಗಲೆಲ್ಲ ಬಂಗಾರದಂಥ ನಾಯಿ ಡಾಕ್ಟರೇ. ರಾತ್ರಿಯಾದರೆ ಸಾಕು, ಒಂದೇ ಸಮನೆ ಬೊಗಳುತ್ತದೆ. ನಮಗೂ ನಿದ್ದೆಯಿಲ್ಲ, ಪಕ್ಕದ ಮನೆಯವರಿಗೂ ಇಲ್ಲ."

ಪಶುವೈದ್ಯನಾಗಿ ಆಗ ನಾನು ಕೇಳುವ ಮೊದಲ ಪ್ರಶ್ನೆ, ನಾಯಿ ರಾತ್ರಿ ಮಲಗುವುದು ಎಲ್ಲಿ ಎಂದು. ಗೇಟಿನ ಪಕ್ಕದಲ್ಲಿ, ಪೋರ್ಟಿಕೊದಲ್ಲಿ ಕಾರಿನ ಹಿಂದೆ, ತಾರಸಿಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ, ಫ್ಲಾಟಾದರೆ ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಿ. ಕುತ್ತಿಗೆಗೆ ಸರಪಳಿ ಇದ್ದೇ ಇರುತ್ತದೆ. ಮಲಗಲು ಒಂದು ಗೋಣಿಚೀಲ. ಇಷ್ಟು ಕೇಳಿದ ಮೇಲೆ ಔಷಧದ ಚೀಟಿ ಬರೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಹೊಸ ನಾಯಿಯ ರಾತ್ರಿಯ ಬೊಗಳುವಿಕೆಗೆ ಮುಖ್ಯ ಕಾರಣ ಅದರ ಸ್ವಭಾವವಲ್ಲ, ಅದನ್ನು ಕಟ್ಟಿದ ಜಾಗ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಕೆಲವು ವಾರ ಅದನ್ನು ಮನೆಯೊಳಗೆ, ಮನೆಯವರ ಉಸಿರು ಕೇಳುವಷ್ಟು ಹತ್ತಿರದಲ್ಲಿ ಮಲಗಿಸಿ ಎಂದು ನಾನು ಹೇಳಿದರೆ ಅನೇಕರಿಗೆ ಹಿಡಿಸುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆ ನಾಯಿಯ ಕಡೆಯಿಂದ ಒಮ್ಮೆ ಯೋಚಿಸಿ ನೋಡಿ. ಮೊನ್ನೆಯವರೆಗೆ ಅದಕ್ಕೊಂದು ಬೀದಿ ಇತ್ತು. ಚಹಾ ಅಂಗಡಿಯವನು ಬೆಳಿಗ್ಗೆ ಬನ್ನಿನ ತುಂಡು ಎಸೆಯುತ್ತಿದ್ದ, ಮೂಲೆಮನೆಯ ಅಮ್ಮ ರಾತ್ರಿ ಮಿಕ್ಕ ಅನ್ನ ಹಾಕುತ್ತಿದ್ದರು. ಜೊತೆಗೆ ಮಲಗಲು ಮೂರು ನಾಲ್ಕು ನಾಯಿಗಳಿದ್ದವು. ಯಾವ ಸದ್ದು ಯಾರದ್ದು, ಯಾವ ವಾಸನೆ ಎಲ್ಲಿಯದು ಎಂಬುದೆಲ್ಲ ಬಾಯಿಪಾಠ. ಒಂದು ದಿನ ಅದನ್ನು ಹಿಡಿದು ಆಟೋದಲ್ಲೋ ವ್ಯಾನಿನಲ್ಲೋ ಕೂರಿಸುತ್ತಾರೆ. ಚುಚ್ಚುಮದ್ದು, ಸಂತಾನಹರಣ ಶಸ್ತ್ರಚಿಕಿತ್ಸೆ, ಔಷಧ ಹಾಕಿದ ನೀರಿನ ಸ್ನಾನ, ಜೀವನದಲ್ಲಿ ಮೊದಲ ಸಲ ಕುತ್ತಿಗೆಗೆ ಬೆಲ್ಟು. ಕೊನೆಗೆ ಒಂದು ಹೊಸ ಮನೆ. ಹಗಲು ಮಕ್ಕಳು ಸುತ್ತ ಕುಳಿತು ಮೈದಡವುತ್ತಾರೆ, ಬಿಸ್ಕತ್ತು ಕೊಡುತ್ತಾರೆ. ರಾತ್ರಿ ಹತ್ತಕ್ಕೆ ಅವರೆಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ದೀಪ ಆರಿಸುತ್ತಾರೆ. ಕತ್ತಲಲ್ಲಿ, ಗೊತ್ತಿಲ್ಲದ ಜಾಗದಲ್ಲಿ, ಓಡಿಹೋಗಲೂ ಆಗದಂತೆ ಕಟ್ಟಿಹಾಕಿದ ಪ್ರಾಣಿಯ ಬಳಿ ಉಳಿದಿರುವ ಒಂದೇ ಸಾಧನ ಅದರ ಗಂಟಲು.

ಇದು ಬರಿಯ ಭಾವುಕತೆಯಲ್ಲ. ಭಯ ಮತ್ತು ಒತ್ತಡದಲ್ಲಿ ನಮ್ಮಂತೆಯೇ ನಾಯಿಯ ದೇಹದಲ್ಲೂ ಕಾರ್ಟಿಸಾಲ್ ಎಂಬ ರಸದೂತ ಹೆಚ್ಚುತ್ತದೆ. ಅಮೆರಿಕದಲ್ಲಿ ಮೈಕೇಲ್ ಹೆನ್ನೆಸ್ಸಿ ಮತ್ತು ಅವರ ಸಂಗಡಿಗರು ಸಾರ್ವಜನಿಕ ಆಶ್ರಯಧಾಮವೊಂದರ ನಾಯಿಗಳ ರಕ್ತ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂದು ಮೂರು ದಿನದೊಳಗಿನ ನಾಯಿಗಳಲ್ಲಿ ಇದರ ಪ್ರಮಾಣ ಹೆಚ್ಚಿತ್ತು; ಒಂಬತ್ತು ದಿನ ಮೀರಿದ ನಾಯಿಗಳಲ್ಲಿ ಕಡಿಮೆಯಿತ್ತು. ಅಂದರೆ ಹೊಸ ಜಾಗದ ಭಯ ತಾನಾಗಿಯೇ ಇಳಿಯುತ್ತದೆ, ಆದರೆ ಸಮಯ ಬೇಕು. ಆ ಸಮಯದಲ್ಲಿ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ಬೊಗಳುವುದು ಹತ್ತು ದಿನದ ಮಾತಾಗಿ ಮುಗಿಯುತ್ತದೋ, ಹತ್ತು ವರ್ಷದ ಅಭ್ಯಾಸವಾಗಿ ನಿಲ್ಲುತ್ತದೋ ನಿರ್ಧಾರವಾಗುತ್ತದೆ.

ಒಳಗೆ ಎಂದರೆ ಹಾಸಿಗೆಯ ಮೇಲೆ ಎಂದಲ್ಲ. ನಡುಮನೆಯ ಒಂದು ಮೂಲೆ ಸಾಕು. ಓಡಾಟದ ದಾರಿಯಲ್ಲಿರಬಾರದು; ಎರಡು ಕಡೆ ಗೋಡೆ ಇದ್ದರೆ ಒಳ್ಳೆಯದು. ದಿವಾನದ ಕೆಳಗೋ, ಮೇಜಿನ ಅಡಿಯಲ್ಲೋ ತಾನೇ ಹೋಗಿ ಮುದುಡಿ ಮಲಗಿದರೆ ಅಲ್ಲಿಯೇ ಬಿಡಿ, ಎಳೆದು ತರಬೇಡಿ. ಹಾಸಲು ಮನೆಯವರು ಬಳಸಿದ, ಒಗೆಯದ ಒಂದು ಹಳೆಯ ಹತ್ತಿ ಸೀರೆ ಅಥವಾ ದುಪ್ಪಟಿ ಕೊಡಿ. ನಿಮ್ಮ ವಾಸನೆ ಅದಕ್ಕೆ ಸಂಗಾತಿಯಂತೆ. ಆಶ್ರಯಧಾಮದಿಂದ ತಂದಿದ್ದರೆ ಅಲ್ಲಿ ಅದು ಮಲಗುತ್ತಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ. ಮೊದಲ ಐದಾರು ರಾತ್ರಿ ಮನೆಯ ದೊಡ್ಡವರೊಬ್ಬರು ಅದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಲಿ. ನೆಂಟರು ಬಂದಾಗ ನಡುಮನೆಯಲ್ಲಿ ಸಾಲಾಗಿ ಮಲಗಿ ಬೆಳೆದವರು ನಾವು, ಇದೇನೂ ದೊಡ್ಡ ತ್ಯಾಗವಲ್ಲ. ನಾಯಿ ನಡುರಾತ್ರಿ ಎದ್ದು ಕುಂಯ್‌ಗುಟ್ಟಿದರೆ ಮೆಲುದನಿಯಲ್ಲಿ ಒಂದು ಮಾತು, ಅಷ್ಟೆ. ದೀಪ ಹಾಕಿ, ಎಲ್ಲರೂ ಎದ್ದು, ತಿಂಡಿ ಕೊಟ್ಟು ಸಂಭ್ರಮ ಮಾಡಬೇಡಿ.

ಒಂದೆರಡು ವಾರ ನಿಶ್ಶಬ್ದವಾಗಿ ಕಳೆದ ಮೇಲೆ ಚಾಪೆಯನ್ನು ದಿನಕ್ಕೊಂದಿಷ್ಟು ದೂರ ಸರಿಸಿ. ನಂತರ ನೀವು ನಿಮ್ಮ ಕೋಣೆಗೆ ಹೋಗಿ, ಬಾಗಿಲು ತೆರೆದಿಡಿ. ಆಮೇಲೆ ಅರ್ಧ ಮುಚ್ಚಿ. ಯಾವ ಹಂತದಲ್ಲಿ ಮತ್ತೆ ಬೊಗಳಿತೋ ಅದರ ಹಿಂದಿನ ಹಂತಕ್ಕೆ ಬಂದು ಇನ್ನೂ ಮೂರು ನಾಲ್ಕು ದಿನ ಅಲ್ಲಿಯೇ ನಿಲ್ಲಿ. ಕೊನೆಗೆ ನಾಯಿ ವರಾಂಡದಲ್ಲಿ ಮಲಗಬೇಕೆಂಬುದೇ ನಿಮ್ಮ ಇಚ್ಛೆಯಾದರೆ ಅದೂ ಸಾಧ್ಯ, ಆದರೆ ಮನೆ ತನ್ನದು ಎಂದು ಅದಕ್ಕೆ ತಿಳಿದ ಮೇಲೆ. ಎಷ್ಟು ದಿನ ಎಂದು ಕೇಳುವವರಿಗೆ ನಾಯಿ ಸಾಕುವವರಲ್ಲಿ ಒಂದು ರೂಢಿಯ ಲೆಕ್ಕವಿದೆ: ಗಾಬರಿ ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಮನೆಯದಾಗಲು ಮೂರು ತಿಂಗಳು. ಇದು ಶಾಸ್ತ್ರವಾಕ್ಯವಲ್ಲ, ಅಂದಾಜು ಮಾತ್ರ. ಪೆಟ್ಟು ತಿಂದ ನಾಯಿಗೆ ಹೆಚ್ಚು ಕಾಲ ಬೇಕಾಗಬಹುದು.

ಇನ್ನು ಆಕ್ಷೇಪಗಳು. ಮನೆಯಲ್ಲಿ ಮಡಿ ಇದೆ, ಅಜ್ಜಿ ಒಪ್ಪುವುದಿಲ್ಲ ಎನ್ನುತ್ತಾರೆ. ಅಜ್ಜಿಯ ಮಾತಿಗೆ ಬೆಲೆ ಇರಲಿ. ಅಡಿಗೆಮನೆಗೂ ದೇವರಕೋಣೆಗೂ ನಾಯಿ ಬರದಂತೆ ಒಂದು ಹಲಗೆ ಅಡ್ಡ ಇಟ್ಟರಾಯಿತು. ನಾಯಿಗಳು ಇಂಥ ಗಡಿಗಳನ್ನು ಬೇಗ ಕಲಿಯುತ್ತವೆ. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆ ಎಂದ ಕತೆಯನ್ನು ನಮಗೆ ಹೇಳಿದವರು ಅಜ್ಜಿಯರೇ ಎಂಬುದನ್ನೂ ಮೆಲ್ಲನೆ ನೆನಪಿಸಬಹುದು. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಅಥವಾ ಅಲರ್ಜಿ ಇದ್ದರೆ ಆ ಮಾತು ಬೇರೆ: ಅವರು ಮಲಗುವ ಕೋಣೆಗೆ ನಾಯಿ ಬೇಡವೇ ಬೇಡ, ಅದರ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಚಿಕ್ಕ ಮಕ್ಕಳನ್ನು ಹೊಸ ನಾಯಿಯ ಪಕ್ಕ ಮಲಗಿಸಬಾರದು. ನಿದ್ದೆಯಲ್ಲಿರುವ ನಾಯಿಯನ್ನು ಮುಟ್ಟಿ ಎಬ್ಬಿಸಬಾರದೆಂದು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಿ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಬೇಡಿ. ಹೆದರಿದ ನಾಯಿ ಎರಡನ್ನೂ ಮಾಡುತ್ತದೆ.

"ಕಾವಲಿಗೆಂದೇ ತಂದದ್ದು, ಒಳಗೆ ಮಲಗಿದರೆ ಏನು ಪ್ರಯೋಜನ?" ಎಂಬ ಪ್ರಶ್ನೆಯೂ ಬರುತ್ತದೆ. ಹಳ್ಳಿಮನೆಯ ಜಗಲಿಯಲ್ಲಿ ಮಲಗಿ ಅಪರಿಚಿತರಿಗೆ ಮಾತ್ರ ಬೊಗಳುತ್ತಿದ್ದ ನಾಯಿಯ ನೆನಪು ಇವರದು. ಆ ನಾಯಿ ಅದೇ ಜಗಲಿಯ ಕೆಳಗೆ ಹುಟ್ಟಿ, ಆ ಮನೆಯ ಮುದ್ದೆ ತಿಂದು ಬೆಳೆದದ್ದು. ಯಾರು ತನ್ನವರು, ಯಾರು ಹೊರಗಿನವರು ಎಂದು ಬಲ್ಲದ್ದು. ನಿನ್ನೆ ಬಂದ ನಾಯಿಗೆ ಎಲ್ಲರೂ ಹೊರಗಿನವರೇ, ನೀವೂ ಸೇರಿ. ಗಾಳಿಗೂ ಬೊಗಳುವ ನಾಯಿಯಿಂದ ಕಾವಲಿನ ಕೆಲಸ ಆಗುವುದಿಲ್ಲ. ನಾಲ್ಕು ದಿನ ಕಳೆದರೆ ಅದರ ಬೊಗಳು ಕೇಳಿ ಯಾರೂ ಎದ್ದು ನೋಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ಸಲಹೆ ಇನ್ನೊಂದಿದೆ: "ಗಮನ ಕೊಡಬೇಡಿ, ಬೊಗಳಿ ಬೊಗಳಿ ಸುಸ್ತಾಗಿ ಸುಮ್ಮನಾಗುತ್ತದೆ." ಕಾಗದದ ಮೇಲೆ ಇದು ಸರಿಯೆನಿಸಬಹುದು. ಮನೆಗಳಲ್ಲಿ ನಡೆಯುವುದೇ ಬೇರೆ. ಮೊದಲ ರಾತ್ರಿ ಹತ್ತು ನಿಮಿಷ ತಾಳಿಕೊಂಡು, ಪಕ್ಕದ ಮನೆಯವರ ಕಿಟಕಿ ತೆರೆದ ಸದ್ದು ಕೇಳಿ, ಹೋಗಿ ಸಮಾಧಾನ ಮಾಡುತ್ತೀರಿ. ಹತ್ತು ನಿಮಿಷ ಬೊಗಳಿದರೆ ಮನುಷ್ಯರು ಬರುತ್ತಾರೆ ಎಂದು ನಾಯಿ ಕಲಿಯಿತು. ಮರುದಿನ ಅರ್ಧ ಗಂಟೆ ತಾಳುತ್ತೀರಿ. ಅರ್ಧ ಗಂಟೆ ಬೊಗಳಬೇಕು ಎಂದು ಕಲಿಯಿತು. ಒಮ್ಮೊಮ್ಮೆ ಮಾತ್ರ ಸಿಗುವ ಪ್ರತಿಫಲದಿಂದ ಬೇರೂರುವ ಅಭ್ಯಾಸ, ಪ್ರತಿ ಸಲವೂ ಸಿಗುವ ಪ್ರತಿಫಲದ ಅಭ್ಯಾಸಕ್ಕಿಂತ ಗಟ್ಟಿ ಎಂಬುದು ಮನಶ್ಶಾಸ್ತ್ರದ ಹಳೆಯ ಪಾಠ. ಲಾಟರಿ ಚೀಟಿ ಕೊಳ್ಳುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಭಯದಿಂದ ಕೂಗುವ ಪ್ರಾಣಿ ಸುಸ್ತಾಗಿ ಸುಮ್ಮನಾದರೆ ಅದು ಪಾಠ ಕಲಿತಂತಲ್ಲ, ಸೋತಂತೆ.

ಹೊಡೆಯುವುದು, ನೀರೆರಚುವುದು, ಬಾಯಿಗೆ ಬಟ್ಟೆ ಕಟ್ಟುವುದು ಇವುಗಳ ಬಗ್ಗೆ ಹೆಚ್ಚು ಬರೆಯಲಾರೆ. ನಾಯಿ ಮೈಯ ಶಾಖವನ್ನು ಬಹುಮಟ್ಟಿಗೆ ಬಾಯಿ ತೆರೆದು ತೇಕಿ ಇಳಿಸಿಕೊಳ್ಳುತ್ತದೆ. ಬಾಯಿ ಬಿಗಿದು ಕಟ್ಟಿದರೆ ಬೇಸಿಗೆಯ ರಾತ್ರಿಯಲ್ಲಿ ಜೀವಕ್ಕೇ ಅಪಾಯ. ಬೊಗಳಿದಾಗ ವಿದ್ಯುತ್ ಆಘಾತ ಕೊಡುವ ಪಟ್ಟಿಗಳನ್ನು ಕೊಳ್ಳಬೇಡಿ, ಹೆದರಿದ್ದಕ್ಕೆ ಶಿಕ್ಷೆ ಕೊಟ್ಟರೆ ಹೆದರಿಕೆ ಹೆಚ್ಚುತ್ತದೆ. ಮನೆಯ ಹಿರಿಯರಿಗೆಂದು ತಂದ ನಿದ್ದೆಮಾತ್ರೆಯಲ್ಲಿ ಅರ್ಧ ಮುರಿದು ಹಾಕಿದವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಸಾಮಾನ್ಯ ಮಾತ್ರೆಗಳೇ ನಾಯಿಗೆ ವಿಷವಾಗಬಲ್ಲವು. ಮಂಪರು ಬರಿಸುವ ಕೆಲವು ಔಷಧಗಳು ಮೈಯನ್ನು ಮಾತ್ರ ಮಲಗಿಸುತ್ತವೆ, ಭಯ ಒಳಗೆ ಹಾಗೆಯೇ ಎಚ್ಚರವಾಗಿರುತ್ತದೆ. ಭಯ ಇಳಿಸುವ ಔಷಧಗಳೂ ಇವೆ. ಅವು ಬೇಕೋ ಬೇಡವೋ ಎಂದು ಪಶುವೈದ್ಯರು ಪರೀಕ್ಷಿಸಿ ಹೇಳಲಿ.

ಒಳಗೆ ಮಲಗಿಸಿದ ಮೇಲೂ ಬೊಗಳುವುದು ನಿಲ್ಲದಿದ್ದರೆ ಮೂರು ನಾಲ್ಕು ದಿನ ಗಡಿಯಾರ ನೋಡಿ ಬರೆದಿಡಿ. ಮನೆಯ ಶಾಲಾಮಕ್ಕಳಿಗೆ ಈ ಕೆಲಸ ಕೊಟ್ಟರೆ ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ದೀಪ ಆರಿದ ಕೂಡಲೇ ಆರಂಭವಾದರೆ ಅದು ಒಂಟಿತನದ ಕೂಗು, ಇನ್ನೂ ಹತ್ತಿರ ಮಲಗಬೇಕು. ನಸುಕಿನಲ್ಲಿ ಎದ್ದು ಬಾಗಿಲ ಬಳಿ ಸುತ್ತುತ್ತ ಬೊಗಳಿದರೆ ಮೂತ್ರಕ್ಕೆ ಅವಸರವಾಗಿದೆ ಎಂದರ್ಥ. ಮರಿಯಾಗಿದ್ದರೆ ಇಡೀ ರಾತ್ರಿ ತಡೆದುಕೊಳ್ಳಲು ಅದಕ್ಕೆ ಆಗುವುದೇ ಇಲ್ಲ. ಎರಡು ತಿಂಗಳ ಮರಿಗೆ ಎರಡು ಮೂರು ಗಂಟೆಯೇ ಹೆಚ್ಚು. ಐದು ಗಂಟೆಗೆ ಹಾಲಿನವನ ಸೈಕಲ್ಲು, ಪೇಪರ್ ಹುಡುಗನ ಎಸೆತ ಕಾರಣವಾದರೆ ನಾಯಿಯ ಜಾಗವನ್ನು ಮುಂಬಾಗಿಲಿನಿಂದ ಹಿಂದಕ್ಕೆ ಸರಿಸಿ.

ನಡುರಾತ್ರಿ ಒಂದು ಎರಡರ ಹೊತ್ತಿಗೆ, ಹೊರಗಿನ ನಾಯಿಗಳು ಕೂಗಿದಾಗ ಒಳಗಿನದೂ ಕೂಗುವುದು ನಮ್ಮ ನಗರಗಳ ವಿಶೇಷ ಸಮಸ್ಯೆ. 2023ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಎಣಿಕೆಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಸಂಚಾರ ನಿಂತ ಮೇಲೆ ರಸ್ತೆ ಅವುಗಳದ್ದೇ. ಒಂದು ಬೀದಿಯ ಗುಂಪು ಕೂಗಿದರೆ ಮುಂದಿನ ಬೀದಿಯದು ಉತ್ತರ ಕೊಡುತ್ತದೆ. ನಿಮ್ಮ ನಾಯಿ ಮೊನ್ನೆಯವರೆಗೂ ಆ ಸಭೆಯ ಸದಸ್ಯನೇ ಆಗಿತ್ತು. ಅದರ ಕಿವಿಯೋ ಬಲು ಸೂಕ್ಷ್ಮ. ನಮ್ಮ ಕಿವಿ ಸೆಕೆಂಡಿಗೆ 20 ಸಾವಿರ ಕಂಪನದವರೆಗಿನ ಸದ್ದನ್ನಷ್ಟೇ ಹಿಡಿದರೆ ನಾಯಿಯ ಕಿವಿ 40 ಸಾವಿರವನ್ನೂ ದಾಟುತ್ತದೆ. ಬೀದಿಯ ಕಡೆಯ ಕಿಟಕಿ ಮುಚ್ಚಿ ದಪ್ಪ ಪರದೆ ಇಳಿಬಿಡಿ, ಫ್ಯಾನು ತಿರುಗುತ್ತಿರಲಿ, ಅದರ ಏಕತಾನದ ಸದ್ದು ಹೊರಗಿನದನ್ನು ಮರೆಮಾಡುತ್ತದೆ. ತಾರಸಿಯಲ್ಲಿ ಕಟ್ಟಿದ ನಾಯಿಗೆ ನಾಲ್ಕು ಬೀದಿಯ ಸುದ್ದಿ ಒಟ್ಟಿಗೆ ಕೇಳಿಸುತ್ತದೆ. ಅಲ್ಲಿ ಅದು ಸುಮ್ಮನಿರಲಿ ಎಂದು ಬಯಸುವುದೇ ತಪ್ಪು.

ರಾತ್ರಿಯ ನಿದ್ದೆ ಹಗಲಿನ ಕೆಲಸದ ಫಲ. ಇದು ನಮಗೂ ನಿಜ, ನಾಯಿಗೂ ನಿಜ. ಹಗಲೆಲ್ಲ ಕಟ್ಟಿಹಾಕಿದ ನಾಯಿ ಮಲಗಿ ಮಲಗಿ ರಾತ್ರಿಗೆ ಚುರುಕಾಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅರ್ಧ ಗಂಟೆಯಾದರೂ ಹಗ್ಗ ಹಿಡಿದು ಸುತ್ತಾಡಿಸಿ. ಸೈನ್ಯದ ಕವಾಯತಿನಂತೆ ಎಳೆದುಕೊಂಡು ಹೋಗಬೇಡಿ. ನಿಂತು ಮೂಸಲಿ, ಮೂಸುವುದೇ ಅದಕ್ಕೆ ಪತ್ರಿಕೆ ಓದಿದಂತೆ. ರಾತ್ರಿಯ ಊಟ ಏಳು ಎಂಟರೊಳಗೆ ಮುಗಿಯಲಿ, ಮಲಗುವ ಮುನ್ನ ಹತ್ತು ಹತ್ತೂವರೆಗೆ ಮೂತ್ರಕ್ಕೆಂದು ಒಮ್ಮೆ ಹೊರಗೆ ಕರೆದೊಯ್ಯಿರಿ. ಮಲಗುವ ಹೊತ್ತು ದಿನವೂ ಒಂದೇ ಇರಲಿ. ಕುಡಿಯುವ ನೀರನ್ನು ಮಾತ್ರ ಯಾವ ಕಾರಣಕ್ಕೂ ಕಿತ್ತಿಡಬೇಡಿ.

ಹೊಸ ನಾಯಿ ಮನೆಗೆ ಬಂದ ಎರಡು ಮೂರು ದಿನದೊಳಗೆ ಪಶುವೈದ್ಯರು ಅದನ್ನು ಪೂರ್ತಿ ಪರೀಕ್ಷಿಸಿರಬೇಕು. ಉಣ್ಣೆ, ಚಿಗಟ, ಕಜ್ಜಿ ಇದ್ದ ನಾಯಿಗೆ ರಾತ್ರಿಯೆಲ್ಲ ತುರಿಕೆ. ಕಜ್ಜಿಯ ನುಸಿ ಮನುಷ್ಯರ ಚರ್ಮಕ್ಕೂ ತಗಲುತ್ತದೆ, ಆದ್ದರಿಂದ ಅದಕ್ಕೆ ಮೊದಲು ಚಿಕಿತ್ಸೆಯಾಗಲಿ. ಜಂತುಹುಳು, ಕಿವಿಯ ಸೋಂಕು, ಹಿಂದೆಂದೋ ವಾಹನ ಬಡಿದು ಸರಿಯಾಗಿ ಕೂಡದ ಮೂಳೆ ಇವೆಲ್ಲ ಹಗಲಿನ ಗದ್ದಲದಲ್ಲಿ ಮರೆಯಾಗಿದ್ದು ಮಲಗಿದಾಗ ಕಾಡುತ್ತವೆ. ಮುದಿನಾಯಿಯಾದರೆ ಕಣ್ಣು ಕಿವಿ ಮಂದವಾಗಿಯೋ, ಮನುಷ್ಯರ ಅರಳುಮರುಳಿನಂಥ ಸ್ಥಿತಿಯಿಂದಲೋ ಕತ್ತಲಲ್ಲಿ ದಿಕ್ಕುತಪ್ಪಿ ಕೂಗುವುದುಂಟು. ಅಂಥದಕ್ಕೆ ಒಂದು ಸಣ್ಣ ರಾತ್ರಿದೀಪ ಎಷ್ಟೋ ಸಮಾಧಾನ.

ಹುಚ್ಚುನಾಯಿ ರೋಗದ ವಿಷಯವನ್ನು ಇಲ್ಲಿ ಹೇಳದೆ ಬಿಡಲಾರೆ. ಮೂರು ತಿಂಗಳು ತುಂಬಿದ ಪ್ರತಿಯೊಂದು ನಾಯಿಗೂ ರೇಬೀಸ್ ಲಸಿಕೆ ಆಗಬೇಕು, ಮುಂದೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸಬೇಕು. ಆದರೆ ಬೀದಿಯಲ್ಲಿದ್ದಾಗ ಕಚ್ಚಿಸಿಕೊಂಡು ರೋಗಾಣು ಈಗಾಗಲೇ ಒಳಹೊಕ್ಕಿದ್ದರೆ, ವಾರಗಟ್ಟಲೆ, ತಿಂಗಳುಗಟ್ಟಲೆ ಕಳೆದ ಮೇಲೆ ಲಕ್ಷಣ ಕಾಣಿಸಬಹುದು. ಹೊಸ ನಾಯಿಯ ಬೊಗಳುವ ಧ್ವನಿಯೇ ಒಡೆದು ಬದಲಾದರೆ, ಜೊಲ್ಲು ಸುರಿದರೆ, ನುಂಗಲಾಗದಿದ್ದರೆ, ಕಾರಣವಿಲ್ಲದೆ ಕಂಡದ್ದನ್ನೆಲ್ಲ ಕಚ್ಚತೊಡಗಿದರೆ, ಗಂಟಲಲ್ಲಿ ಏನೋ ಸಿಕ್ಕಿರಬೇಕೆಂದು ಬಾಯಿಗೆ ಕೈ ಹಾಕಬೇಡಿ. ದೂರವಿದ್ದು ಪಶುವೈದ್ಯರನ್ನು ಕರೆಸಿ. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚುವ ಕೆಲಸ ಬೇಡ.

ನೆರೆಯವರ ಮಾತಿಗೆ ಬರೋಣ. ನಾಯಿ ಸಾಕುವುದನ್ನೇ ನಿಷೇಧಿಸುವ ಅಧಿಕಾರ ವಸತಿ ಸಂಘಗಳಿಗಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ಅದನ್ನು ಹಿಡಿದುಕೊಂಡು ಜಗಳಕ್ಕೆ ನಿಲ್ಲುವವರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ. ರಕ್ತದೊತ್ತಡದ ಹಿರಿಯರು, ಪರೀಕ್ಷೆಗೆ ಓದುವ ಮಕ್ಕಳು, ಪಾಳಿಯ ಕೆಲಸಕ್ಕೆ ಹೋಗುವವರು ಪಕ್ಕದ ಗೋಡೆಯ ಆಚೆ ಇರುತ್ತಾರೆ. ಅವರ ನಿದ್ದೆಯೂ ಆರೋಗ್ಯವೇ. ನಾಯಿ ತರುವ ಹಿಂದಿನ ದಿನವೇ ಅಕ್ಕಪಕ್ಕದವರಿಗೆ ತಿಳಿಸಿ: "ಹೊಸದಾಗಿ ಬರುತ್ತಿದೆ, ಒಂದು ವಾರ ಸ್ವಲ್ಪ ಸದ್ದಾಗಬಹುದು, ಒಳಗೇ ಮಲಗಿಸುತ್ತೇವೆ." ಇಷ್ಟು ಹೇಳಿದವರ ಮನೆಗೆ ಪೊಲೀಸರು ಬಂದದ್ದನ್ನು ನಾನು ಕಂಡಿಲ್ಲ.

ಆದರೂ ಆಗಲಿಲ್ಲ ಎಂದುಕೊಳ್ಳಿ. ಆಗ ಮಾತ್ರ ಅದನ್ನು ಹಿಡಿದ ಬೀದಿಗೇ ಮತ್ತೆ ಬಿಟ್ಟುಬರುವ ಯೋಚನೆ ಮಾಡಬೇಡಿ. ಮೂರು ವಾರದಲ್ಲಿ ಅಲ್ಲಿ ಅದರ ಜಾಗವನ್ನು ಬೇರೆ ನಾಯಿ ಹಿಡಿದಿರುತ್ತದೆ. ನಿಮ್ಮ ಮನೆಯ ಸೋಪಿನ ವಾಸನೆ ಹೊತ್ತು ಬಂದದ್ದನ್ನು ಹಳೆಯ ಗುಂಪು ಸೇರಿಸಿಕೊಳ್ಳದಿರಬಹುದು. ಬೇರೆ ಬಡಾವಣೆಯಲ್ಲಿ ಬಿಟ್ಟರಂತೂ ಕಚ್ಚಾಟದಲ್ಲೋ ವಾಹನದ ಅಡಿಯಲ್ಲೋ ಕೊನೆಯಾಗುವ ಸಂಭವವೇ ಹೆಚ್ಚು. ದೆಹಲಿಯ ಬೀದಿನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟು, ಪ್ರಾಣಿಪ್ರಿಯರು ಅರ್ಜಿ ಕೊಟ್ಟು ನಾಯಿಗಳನ್ನು ದತ್ತು ಪಡೆಯಬಹುದು, ಆದರೆ ಅವು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ದತ್ತು ಪಡೆದವರದೇ ಎಂದು ಹೇಳಿತು. ನಾಯಿಯನ್ನು ಕೊಟ್ಟ ಸಂಸ್ಥೆಗೋ ವ್ಯಕ್ತಿಗೋ ಒಪ್ಪಿಸಿ, ಅಥವಾ ಅವರ ನೆರವಿನಿಂದ ಬೇರೊಂದು ಮನೆ ಹುಡುಕಿ. ಒಪ್ಪಿಸುವಾಗ ಸಂಕೋಚಪಟ್ಟು "ನಮಗೆ ವರ್ಗವಾಯಿತು" ಎಂದು ನೆಪ ಹೇಳಬೇಡಿ. ರಾತ್ರಿ ಒಂಟಿಯಾಗಿ ಬಿಟ್ಟರೆ ಬೊಗಳುತ್ತದೆ, ನಾವು ಅದನ್ನು ಇಂಥ ಕಡೆ ಮಲಗಿಸುತ್ತಿದ್ದೆವು, ಇಷ್ಟು ಗಂಟೆಗೆ ಶುರುವಾಗುತ್ತಿತ್ತು ಎಂದು ಮಕ್ಕಳು ಬರೆದಿಟ್ಟ ಆ ಚೀಟಿಯನ್ನೂ ಕೊಟ್ಟುಬಿಡಿ. ಮುಂದೆ ಅದನ್ನು ಕೊಂಡೊಯ್ಯುವವರು ಮೊದಲ ರಾತ್ರಿಯೇ ನಡುಮನೆಯಲ್ಲಿ ಚಾಪೆ ಹಾಸುತ್ತಾರೆ.